ಒಂದೂವರೆಯೋ, ಎರಡೂವರೆಯೋ, ನಾಲ್ಕೋ?

ಸಾಕೆಟ್‌ಗೆ ಯಾವ ವೈರು ಎಂದು ಕೇಳಿದರೆ ‘ದಪ್ಪದ್ದೇ ಇರಲಿ’ ಎನ್ನುವವರೂ ಇದ್ದಾರೆ, ‘ಒಂದೂವರೆ ಧಾರಾಳವಾಯಿತು’ ಎನ್ನುವವರೂ ಇದ್ದಾರೆ. ಮನೆಯ ವೈರಿಂಗ್ ಬದಲಿಸುವ ಮುನ್ನ ನಾನೇ ನೋಡಿಬಿಡೋಣವೆಂದು 1.5, 2.5 ಮತ್ತು 4 ಚದರ ಮಿಲಿಮೀಟರಿನ ತಾಮ್ರದ ವೈರುಗಳನ್ನು ಒಂದಾದ ಮೇಲೊಂದರಂತೆ 20 ಮೀಟರ್ ದೂರಕ್ಕೆ ಎಳೆದು, ತುದಿಗೆ 3,000 ವ್ಯಾಟಿನ ಹೀಟರ್ ಕೂಡಿಸಿದೆ. 230 ವೋಲ್ಟಿನಲ್ಲಿ ಅದು ಎಳೆಯುವುದು 13 ಆಂಪಿಯರ್.

ಬೋರ್ಡಿನ ಬಳಿ ಒಮ್ಮೆ, ಹೀಟರಿನ ಬಳಿ ಒಮ್ಮೆ ಮಲ್ಟಿಮೀಟರ್ ಹಿಡಿದೆ. ಒಂದೂವರೆಯಲ್ಲಿ ಆರು ವೋಲ್ಟಿಗೂ ಮಿಕ್ಕಿ ದಾರಿಯಲ್ಲೇ ಕರಗಿತ್ತು. ಅಂದರೆ 80 ವ್ಯಾಟಿನಷ್ಟು ವಿದ್ಯುತ್ತು ಬರೀ ವೈರನ್ನು ಕಾಯಿಸುತ್ತಿತ್ತು. ನೆಲದ ಮೇಲೆ ಬಿಡಿಸಿ ಹಾಸಿದ್ದಾಗ ಅದು ಉಗುರುಬೆಚ್ಚಗಷ್ಟೇ ಇತ್ತು. ಅದನ್ನೇ ಸುರುಳಿ ಸುತ್ತಿ ಅರ್ಧ ಗಂಟೆ ಬಿಟ್ಟು ನೋಡಿದರೆ, ನಡುವೆ ಬೆರಳಿಡಲಾಗಲಿಲ್ಲ, ಪಿವಿಸಿ ಹೊದಿಕೆ ಮೆತ್ತಗಾಗಿತ್ತು. ಗೋಡೆಯೊಳಗಿನ ಪೈಪಿನಲ್ಲಿ ಏಳೆಂಟು ವೈರು ಒತ್ತಿಕೊಂಡು ಕೂತರೂ ಶಾಖದ ಪಾಡು ಇದೇ.

ಒಂದೂವರೆಗೆ 10 ಆಂಪಿಯರಿನ ಎಂಸಿಬಿ (ಮಿತಿ ಮೀರಿ ವಿದ್ಯುತ್ತು ಹರಿದರೆ ತಾನಾಗಿಯೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿದರೆ ಅಪಾಯವೇನೂ ಇಲ್ಲ. ಆದರೆ 2,000 ವ್ಯಾಟಿನ ಕೆಟಲ್ ಜೊತೆಗೆ 1,500ರ ಇಸ್ತ್ರಿಪೆಟ್ಟಿಗೆಯನ್ನೂ ಹಚ್ಚಿದೆ, ಕೆಲವೇ ನಿಮಿಷಗಳಲ್ಲಿ ಎಂಸಿಬಿ ಬಿತ್ತು. ಪದೇ ಪದೇ ಬೀಳುತ್ತದೆಂದು ಅದರ ಜಾಗಕ್ಕೆ 20ರದ್ದನ್ನು ತಂದು ಕೂರಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ಕೆಟಲ್ಲನ್ನಲ್ಲ.

ಎರಡೂವರೆಯಲ್ಲಿ ನಷ್ಟ ನಾಲ್ಕು ವೋಲ್ಟಿನ ಆಸುಪಾಸು. ಸುರುಳಿ ಬಿಸಿಯಾಯಿತಾದರೂ ಹಿಡಿದುಕೊಂಡಿರಬಹುದಿತ್ತು. 20 ಆಂಪಿಯರಿನ ಎಂಸಿಬಿಯಲ್ಲಿ ಕೆಟಲ್ಲೂ ಇಸ್ತ್ರಿಯೂ ಜಗಳವಿಲ್ಲದೆ ನಡೆದವು. ಪೈಪಿನಲ್ಲಿ ಬೇರೆ ಸಾಲುಗಳ ವೈರೂ ತುರುಕಿದ್ದರೆ 16ಕ್ಕೆ ಇಳಿಸುವುದು ಮೇಲು.

ಅಂಕಿಯಲ್ಲಿ ಗೆದ್ದದ್ದು ನಾಲ್ಕೇ: ನಷ್ಟ ಎರಡೂವರೆ ವೋಲ್ಟಿನೊಳಗೆ. ಕೈಕೊಟ್ಟಿದ್ದು ಸಾಕೆಟಿನ ಬೆನ್ನಿನಲ್ಲಿ. ಒಂದು ಸಾಕೆಟಿನಿಂದ ಮುಂದಿನದಕ್ಕೆ ಹೋಗಬೇಕೆಂದರೆ ಒಂದೇ ತೂತಿನಲ್ಲಿ ಎರಡು ವೈರು ಕೂರಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ತಿರುಚಿ, ಒತ್ತಿ ಸ್ಕ್ರೂ ಬಿಗಿದೆ. ಪೆಟ್ಟಿಗೆಯೊಳಗೆ ಮಡಚಿ ತಳ್ಳುವಾಗ ಬಿರುಸಾದ ವೈರು ಸೆಟೆದು, ಒಂದು ಸಡಿಲವಾಗಿತ್ತು. ನನಗೆ ಗೊತ್ತಾಗಲಿಲ್ಲ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಹಿತ್ತಾಳೆಯ ಟರ್ಮಿನಲ್ ಕಪ್ಪಿಟ್ಟಿತ್ತು. ಅತಿ ದಪ್ಪದ ವೈರಿನಲ್ಲೇ ಅತಿ ಹೆಚ್ಚು ಬಿಸಿ!

ಕೊನೆಗೆ ಸಾಕೆಟ್‌ಗಳಿಗೆಲ್ಲ ಎರಡೂವರೆ ಎಳೆಸಿದೆ, ದೀಪಗಳಿಗೆ ಒಂದೂವರೆ. ನಾಲ್ಕರ ಸುರುಳಿ ಎಂಸಿಬಿಯಿಂದ ನೇರವಾಗಿ ಓವನ್ನಿಗೆ ಹೋಯಿತು, ನಡುವೆ ಒಂದೂ ಗಂಟಿಲ್ಲದೆ.