ನಿಕಾನ್ ಎಫ್‌ಎಂ2: ದುರ್ಗದ ಬಿಸಿಲಿನಲ್ಲಿ ಹಲವು ವರ್ಷಗಳ ಬಳಕೆಯ ನಂತರ

ಕೈಯಲ್ಲಿ ಒಳ್ಳೆಯ ಡಿಜಿಟಲ್ ಕ್ಯಾಮೆರಾ ಇರುವಾಗ ರೀಲು ಹಾಕುವ ಕ್ಯಾಮೆರಾ ಏಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಸೀಮಿತವಾದದ್ದು. ಕಪ್ಪು-ಬಿಳುಪು ಚಿತ್ರಕ್ಕೆ, ಅದರಲ್ಲೂ ಚಿತ್ರದುರ್ಗದಂತಹ ಕಲ್ಲುಗುಡ್ಡದ ಊರಿನಲ್ಲಿ ಸುಡುಬಿಸಿಲಿಗೆ ತೆಗೆಯುವ ಕಪ್ಪು-ಬಿಳುಪು ಚಿತ್ರಕ್ಕೆ, ಫಿಲ್ಮ್ ಇಂದಿಗೂ ಬೇಕು, ಬಣ್ಣಕ್ಕೆ ಬೇಡ. ನಿಕಾನ್ ಎಫ್‌ಎಂ2 ಎಂಬ ರೀಲಿನ ಕ್ಯಾಮೆರಾ ಮತ್ತು ಅದೇ ಕಂಪನಿಯ ಡಿಜಿಟಲ್ ಕ್ಯಾಮೆರಾ ಡಿ750, ಇವೆರಡನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿಗಳಲ್ಲಿ ವರ್ಷಗಟ್ಟಲೆ ತಿರುಗಿದ ಮೇಲೆ ಈ ಮಾತು ಬರೆಯುತ್ತಿದ್ದೇನೆ.

ಎಫ್‌ಎಂ2 ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಇದರ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಡಲು ತೆರೆದು ಮುಚ್ಚುವ ಪರದೆ, ಪೂರ್ತಿ ಯಾಂತ್ರಿಕವಾದದ್ದು. ಒಳಗಿರುವ ಎರಡು ಬಟನ್ ಸೆಲ್ಲುಗಳು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಸೆಲ್ಲು ಮುಗಿದರೂ ಎಲ್ಲ ವೇಗಗಳೂ ಕೆಲಸ ಮಾಡುತ್ತವೆ, ಮತ್ತು ನಮ್ಮ ಮಧ್ಯಾಹ್ನದ ಬಿಸಿಲಿಗೆ ಮೀಟರಿನ ಅವಶ್ಯಕತೆಯೂ ಅಷ್ಟಾಗಿ ಬೀಳುವುದಿಲ್ಲ: 400 ಐಎಸ್‌ಒ (ಬೆಳಕಿಗೆ ಫಿಲ್ಮಿನ ಸೂಕ್ಷ್ಮತೆಯ ಅಳತೆ) ಫಿಲ್ಮಿಗೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/16, ಶಟರ್ ವೇಗ ಸೆಕೆಂಡಿನ 1/500. ಹಿನ್ನೆಲೆ ಮಸುಕಾಗಬೇಕೆಂದರೆ ಅದೇ ಬೆಳಕಿನಲ್ಲಿ ಅಪರ್ಚರನ್ನು ಎಫ್/5.6ಕ್ಕೆ ತೆರೆದು 1/4000ಕ್ಕೆ ಹೋಗಬಹುದು. 1/1000ಕ್ಕೆ ನಿಂತುಬಿಡುವ ಪೆಂಟಾಕ್ಸ್ ಕೆ1000ನಂತಹ ಕ್ಯಾಮೆರಾದಲ್ಲಿ ಈ ಅವಕಾಶವಿಲ್ಲ. ಇಷ್ಟು ಬೆಳಕಿರುವ ಬಯಲುಸೀಮೆಯವರಿಗೆ ನಾನು ಎಫ್‌ಎಂ2 ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಇನ್ನು ಫಿಲ್ಮಿನ ವಿಷಯ. ಕೋಟೆಯ ಬಾಗಿಲುಗಳನ್ನು ಶತ್ರು ನೇರವಾಗಿ ನುಗ್ಗಲಾಗದಂತೆ ಅಂಕುಡೊಂಕಾಗಿ ಕಟ್ಟಿದ್ದಾರೆ. ಆದ್ದರಿಂದ ಒಂದು ಗೋಡೆ ಬಿಸಿಲಿಗೆ ಬೆಳ್ಳಗೆ ಹೊಳೆಯುವಾಗ ಅದರ ಎದುರಿನ ಗೋಡೆ ಕಡುನೆರಳಿನಲ್ಲಿರುತ್ತದೆ, ಎರಡೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಡಿಜಿಟಲ್ ಸೆನ್ಸರಿನಲ್ಲಿ ಬೆಳಕಿನ ಭಾಗ ಒಂದು ಮಿತಿಯನ್ನು ದಾಟಿತೆಂದರೆ ಅಲ್ಲಿ ಮಾಹಿತಿಯೇ ಉಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಎಷ್ಟೇ ತಿದ್ದಿದರೂ ಕಲ್ಲಿನ ಮೈ ಮರಳಿ ಬಾರದು. ನೆಗೆಟಿವ್ ಫಿಲ್ಮಿನ ನಡತೆ ಬೇರೆ. ಬೆಳಕು ಹೆಚ್ಚಾದಷ್ಟೂ ಅದರ ಕಪ್ಪು ನಿಧಾನವಾಗಿ ದಟ್ಟವಾಗುತ್ತ ಹೋಗುತ್ತದೆಯೇ ಹೊರತು ಒಮ್ಮೆಲೇ ಕೈಬಿಡುವುದಿಲ್ಲ. ನಾನು ಬಳಸುವ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್ ಎರಡು ಸ್ಟಾಪ್ ಓವರ್ (ಬೇಕಾದ್ದರ ನಾಲ್ಕು ಪಟ್ಟು ಬೆಳಕು) ಆದರೂ ಬಂಡೆಯ ಬಿರುಕು, ಉಳಿಯ ಗುರುತು, ಪಾಚಿಯ ಕಲೆ ಎಲ್ಲವನ್ನೂ ಉಳಿಸಿಕೊಡುತ್ತದೆ. ಆದರೆ ನೆರಳಿನ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ಅಂಡರ್ ಆದ, ಅಂದರೆ ಬೆಳಕು ಸಾಲದ ಡಿಜಿಟಲ್ ಚಿತ್ರದ ನೆರಳನ್ನು ಎತ್ತಬಹುದು, ಬೆಳಕೇ ಬೀಳದ ಫಿಲ್ಮಿನಲ್ಲಿ ಎತ್ತಲು ಏನೂ ಇರುವುದಿಲ್ಲ. ಹಾಗಾಗಿ ಡಿಜಿಟಲ್‌ನಲ್ಲಿ ಬಿಸಿಲಿಗೆ, ಫಿಲ್ಮಿನಲ್ಲಿ ನೆರಳಿಗೆ ಬೆಳಕಿನ ಅಳತೆ ಮಾಡಬೇಕು. ಎರಡನ್ನೂ ಒಟ್ಟಿಗೆ ಒಯ್ಯುವವರು ಈ ಅಭ್ಯಾಸವನ್ನು ಗಟ್ಟಿ ಮಾಡಿಕೊಳ್ಳದಿದ್ದರೆ ಎರಡೂ ಕೆಡುತ್ತವೆ.

ರೀಲು ತೊಳೆಯುವುದನ್ನು ಮನೆಯಲ್ಲಿಯೇ ಮಾಡುತ್ತೇನೆ, ಏಕೆಂದರೆ ದುರ್ಗದಲ್ಲಾಗಲಿ ದಾವಣಗೆರೆಯಲ್ಲಾಗಲಿ ನನಗೆ ಪರಿಚಯವಿರುವ ಯಾವ ಸ್ಟುಡಿಯೋದಲ್ಲಿಯೂ ಈಗ ಆ ಕೆಲಸ ನಡೆಯುವುದಿಲ್ಲ. ಬೆಳಕು ಹೊಗದ ಚೀಲ, ಟ್ಯಾಂಕು, ಚಿತ್ರ ಮೂಡಿಸುವ ಡೆವಲಪರ್, ಅದನ್ನು ಸ್ಥಿರಗೊಳಿಸುವ ಫಿಕ್ಸರ್, ಥರ್ಮಾಮೀಟರ್ ಇದ್ದರೆ ಸಾಕು. ಐಡಿ-11 ಡೆವಲಪರನ್ನು ಸಮಪಾಲು ನೀರಿನಲ್ಲಿ ಬೆರೆಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ 13 ನಿಮಿಷ ಬೇಕು. ಕಷ್ಟವಿರುವುದು ಆ 20 ಡಿಗ್ರಿಯಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕೈಗೆ ಬಿಸಿ ತಾಗುವಂತೆ ಬರುತ್ತದೆ. ಬಕೆಟ್ಟಿಗೆ ಐಸ್ ಹಾಕಿ, ಅದರಲ್ಲಿ ಬಾಟಲಿಗಳನ್ನು ನಿಲ್ಲಿಸಿ ತಣಿಸಿಕೊಳ್ಳದೆ ಕೆಲಸ ಆರಂಭಿಸುವಂತಿಲ್ಲ. ಇನ್ನೊಂದು ತೊಡಕು ನಮ್ಮ ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ತೊಳೆದು ಒಣಗಲು ಬಿಟ್ಟರೆ ನೆಗೆಟಿವ್ ಮೇಲೆ ಸುಣ್ಣದ ಚುಕ್ಕೆಗಳು ಉಳಿಯುತ್ತವೆ. ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು.

ಖರ್ಚನ್ನು ಮುಚ್ಚಿಡಬಾರದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದ ಫಿಲ್ಮ್ ನಿಂತುಹೋದ ಮೇಲೆ ನಾವು ಕೊಳ್ಳುವುದೆಲ್ಲ ಆಮದಿನ ಸರಕು, 36 ಚಿತ್ರಗಳ ಒಂದು ರೀಲಿಗೆ ಸಾವಿರ ರೂಪಾಯಿಯ ಆಸುಪಾಸು. ಬಣ್ಣದ ರೀಲಾದರೆ ಬೆಂಗಳೂರಿಗೆ ಕೊರಿಯರ್ ಮಾಡಿ ತೊಳೆಸಿ ಸ್ಕ್ಯಾನ್ ಮಾಡಿಸುವಷ್ಟರಲ್ಲಿ ಒಂದೊಂದು ಚಿತ್ರಕ್ಕೆ ನಲವತ್ತು ರೂಪಾಯಿ ದಾಟುತ್ತದೆ. ಅಷ್ಟು ಕೊಟ್ಟು ಪಡೆಯುವ ಬಣ್ಣ, ಡಿ750 ಕೊಡುವ ಬಣ್ಣಕ್ಕಿಂತ ಮೇಲೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಮದುವೆ, ನಾಮಕರಣ, ಜಾತ್ರೆಗಳಿಗೂ ಡಿಜಿಟಲ್ಲೇ ಸರಿ. ಚಂದ್ರವಳ್ಳಿಯ ಅಂಕಲಿ ಮಠದ ನೆಲದಡಿಯ ಕೋಣೆಗಳಂತಹ ಕತ್ತಲ ಜಾಗದಲ್ಲಂತೂ ಎಫ್‌ಎಂ2 ಹೊರಗೆ ತೆಗೆಯುವುದೇ ಇಲ್ಲ.

ಆದರೆ ಮನೆಯ ಹಿರಿಯರ ಒಂದು ಭಾವಚಿತ್ರವನ್ನು ಮೊಮ್ಮಕ್ಕಳ ಕಾಲಕ್ಕೆಂದು ತೆಗೆಯುವಾಗ ನಾನು ಕಪ್ಪು-ಬಿಳುಪು ರೀಲನ್ನೇ ಹಾಕುತ್ತೇನೆ. ಸರಿಯಾಗಿ ಫಿಕ್ಸ್ ಮಾಡಿ ಚೆನ್ನಾಗಿ ತೊಳೆದ ನೆಗೆಟಿವ್‌ನಲ್ಲಿ ಉಳಿಯುವುದು ಬೆಳ್ಳಿ. ಬಣ್ಣದ ಫಿಲ್ಮಿನಲ್ಲಿ ಉಳಿಯುವುದು ಕಾಲಕ್ರಮದಲ್ಲಿ ಮಾಸುವ ವರ್ಣದ್ರವ್ಯ. ನಮ್ಮ ತಂದೆಯವರ ಕಾಲದ ಬಣ್ಣದ ಚಿತ್ರಗಳು ಕೆಂಪಡರಿ ಕುಳಿತಿರುವಾಗ, ಅವುಗಳಿಗಿಂತ ಹಳೆಯ ಕಪ್ಪು-ಬಿಳುಪು ನೆಗೆಟಿವ್‌ಗಳಿಂದ ಇಂದಿಗೂ ಚೊಕ್ಕ ಪ್ರಿಂಟ್ ಬರುತ್ತಿದೆ. ಅವನ್ನು ಲೈಟ್ ಪ್ಯಾನೆಲ್ ಮೇಲಿಟ್ಟು, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿದ ಡಿ750ಯಲ್ಲಿ ಪ್ರತಿ ತೆಗೆಯುತ್ತೇನೆ. ಎಫ್‌ಎಂ2ನ 50 ಎಂಎಂ ಎಐ-ಎಸ್ (ನಿಕಾನಿನ ಹಳೆಯ ಮಾದರಿಯ) ಲೆನ್ಸ್ ಕೂಡ ಡಿ750ಗೆ ಕೂರುತ್ತದೆ, ಫೋಕಸ್ ಮಾತ್ರ ಕೈಯಲ್ಲಿ ಮಾಡಬೇಕು. ಎರಡು ಕ್ಯಾಮೆರಾಗಳಿಗೆ ಎರಡು ಜೊತೆ ಲೆನ್ಸ್ ಕೊಳ್ಳುವ ಹೊರೆ ಇದರಿಂದ ತಪ್ಪಿದೆ.

ಎಫ್‌ಎಂ2ನ ತಯಾರಿಕೆ ನಿಂತು ಬಹಳ ಕಾಲವಾಯಿತು, ಆದ್ದರಿಂದ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಕೊಳ್ಳುವ ಮೊದಲು ಹಿಂಬಾಗಿಲನ್ನು ತೆರೆದು ಎಲ್ಲ ವೇಗಗಳಲ್ಲಿಯೂ ಶಟರ್ ಒತ್ತಿ ನೋಡಿ. ಒಂದು ಸೆಕೆಂಡಿನ ವೇಗದಲ್ಲಿ ತಡವರಿಸಿದರೆ ಸರ್ವೀಸಿನ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಿ. ಬಾಗಿಲಿನ ಅಂಚಿನ ಫೋಮ್ ಜಿಗುಟಾಗಿದ್ದರೆ ಬದಲಾಯಿಸಬೇಕು, ಇಲ್ಲವಾದರೆ ನಮ್ಮ ಬಿಸಿಲು ಅಲ್ಲಿಂದಲೇ ಒಳಗೆ ಸೋರುತ್ತದೆ. ಲೆನ್ಸನ್ನು ದೀಪಕ್ಕೆ ಹಿಡಿದು ಫಂಗಸ್ ಇದೆಯೇ ಎಂದು ನೋಡಿ. ಮಲೆನಾಡಿನ ಕಡೆಯಿಂದ ಬಂದ ಲೆನ್ಸಾದರೆ ಇನ್ನೊಮ್ಮೆ ನೋಡಿ.