ನಮ್ಮ ಹೋಬಳಿಯ ನಾಡಕಚೇರಿ: ಐದಕ್ಕೆ ಮೂರೂವರೆ

ಅಪ್ಪ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರು ಕೊಂಡಿದ್ದ ಎರಡು ಎಕರೆ ಕಾಫಿ ತೋಟಕ್ಕೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕಿತ್ತು. ನಮ್ಮ ಕೊಡಗಿನಲ್ಲಿ ಮನೆತನಕ್ಕೆ ವಂಶಪಾರಂಪರ್ಯವಾಗಿ ಬರುವ ಜಮ್ಮ ಬಾಣೆ ಜಮೀನು ಅಲ್ಲ, ಪುಣ್ಯ. ಆಗಿದ್ದರೆ ಒಕ್ಕದವರನ್ನೆಲ್ಲ, ಅಂದರೆ ಇಡೀ ಮನೆತನದವರನ್ನು, ಕೂಡಿಸಬೇಕಿತ್ತು.

ಜುಲೈ ಮಳೆಯಲ್ಲಿ ಕೊಡೆ ಹಿಡಿದು ಮೊದಲು ಹೋಗಿ ನಿಂತಿದ್ದು ಗ್ರಾಮ ಪಂಚಾಯಿತಿಯಲ್ಲಿ. ಮುಕ್ಕಾಲು ಗಂಟೆ ಕಾಯಿಸಿ, "ಇದು ಇಲ್ಲಿ ಆಗಲ್ಲ" ಅಂದರು. ಮನೆಯ ಖಾತೆ, ಅಂದರೆ ಇ-ಸ್ವತ್ತಿನ ಫಾರಂ 9, 11 ಪಂಚಾಯಿತಿಯದ್ದು. ತೋಟದ ಖಾತೆ, ಅಂದರೆ ಪಹಣಿ, ಕಂದಾಯ ಇಲಾಖೆಯದ್ದು. ಎರಡಕ್ಕೂ ಖಾತೆ ಅಂತಲೇ ಹೆಸರಿಟ್ಟರೆ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ? ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ನಾವು ವೋಟು ಹಾಕಿ ಆರಿಸುವಂಥವು. ಮೇಲಿನ ಎರಡರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ನೋಡಿಕೊಂಡರು, ಅದು ಬೇರೆ ಕಥೆ. ಹೋಬಳಿ, ತಾಲ್ಲೂಕು, ಉಪವಿಭಾಗ, ಜಿಲ್ಲೆ ಅನ್ನುವ ಕಂದಾಯದ ಸಾಲಿನಲ್ಲಿ ವೋಟಿನ ಮಾತೇ ಇಲ್ಲ.

ಪಂಚಾಯಿತಿಯಿಂದ ಹೋಗಿದ್ದು ಕಂದಾಯ ಇಲಾಖೆಯ ನಾಡಕಚೇರಿಗೆ. ಇದು ಹೋಬಳಿ ಮಟ್ಟದ್ದು, ಉಪ ತಹಶೀಲ್ದಾರರ ಕೈಕೆಳಗೆ. ಹೆಸರು ನಮ್ಮೂರಿಗೆ ಚೆನ್ನಾಗಿ ಒಪ್ಪುತ್ತೆ. ಹಿಂದೆ ಕೊಡಗಿನಲ್ಲಿ 35 ನಾಡುಗಳಿದ್ದವು, ನಾಡಿಗೊಬ್ಬ ಆಡಳಿತ ನೋಡುವ ಪಾರುಪತ್ತೇಗಾರ ಇರುತ್ತಿದ್ದ ಅಂತ ಅಜ್ಜ ಹೇಳುತ್ತಿದ್ದರು.

ಕೌಂಟರಿನ ಹುಡುಗಿಗೆ ಪೂರ್ತಿ ಅಂಕ. ಅರ್ಜಿ ಹಾಕುವ ಮೊದಲೇ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಪಹಣಿಯಲ್ಲಿ ಅಪ್ಪನ ಮನೆ ಹೆಸರು ಪೂರ್ತಿ ಮುಂದೆ ಇದೆ, ಮರಣ ಪ್ರಮಾಣಪತ್ರದಲ್ಲಿ ಬರೀ ಇನಿಶಿಯಲ್, ಅದೂ ಕೊನೆಯಲ್ಲಿ. "ಅಣ್ಣಾ, ಇದನ್ನ ಸರಿ ಮಾಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಸುಮ್ನೆ ವಾಪಸ್ ಬರುತ್ತೆ." ಒಂದು ವಾರ ಹೋಯಿತು, ಆದರೆ ಆಮೇಲೆ ಯಾರೂ ತಕರಾರು ತೆಗೆಯಲಿಲ್ಲ. ಆಕ್ಷೇಪಣೆ ಕೇಳಿ ನೋಟಿಸ್ ಅಂಟಿಸಿದರು. ಯಾರೂ ಬರಲಿಲ್ಲ, ಆರ್‌.ಐ. (ಕಂದಾಯ ನಿರೀಕ್ಷಕರು) ಮಂಜೂರು ಮಾಡಿದರು.

ಒಂದೂವರೆ ಅಂಕ ಕಳೆದದ್ದು ಕರೆಂಟು, ಸರ್ವರ್, ಆಮೇಲೆ ಹೊರಗಿನ ಜಗಲಿಗೆ. ಸೋರುವ ಶೀಟಿನ ಕೆಳಗೆ ವಯಸ್ಸಾದವರು ನಿಂತೇ ಇರುತ್ತಾರೆ. ಎರಡು ಬೆಂಚು ಹಾಕೋಕೆ ಎಷ್ಟು ಖರ್ಚಾಗುತ್ತೆ?

ಪೊನ್ನಂಪೇಟೆ ತಾಲ್ಲೂಕಾದ ಮೇಲೆ ವಿರಾಜಪೇಟೆಗೆ ಬಸ್ಸು ಹಿಡಿಯುವುದು ತಪ್ಪಿದೆ, ಅದು ಜಾಸ್ತಿ ಸಮಾಧಾನ. ಹೋಗುವವರು ಬೆಳಿಗ್ಗೆಯೇ ಹೋಗಿ. ಮಳೆಗಾಲದಲ್ಲಿ ಮಧ್ಯಾಹ್ನದ ಕರೆಂಟು ನೆಚ್ಚಿಕೊಳ್ಳಬೇಡಿ.