ಲಗ್ನಪತ್ರಿಕೆ ಕಾರ್ಡು, ರೆಡಿಮೇಡ್ ಕಟ್ಟು, ನಾನೇ ಬರೆದ ವಾಕ್ಯ: ಫ್ರೆಂಚ್ ಕಲಿಯಲು ಮೂರನ್ನೂ ಹಿಡಿದು ನೋಡಿದೆ

ಅಕ್ಕನ ಮಗ ಪುಟ್ಟನಿಗೆ ಏಳು ವರ್ಷ. ಇರುವುದು ಮಾಂಟ್ರಿಯಲ್‌ನಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1977ರಿಂದ ಒಂದು ಭಾಷಾ ಕಾನೂನಿದೆ. ಹೊರದೇಶದಿಂದ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಹಾಗಾಗಿ ಇವನಿಗೆ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಫ್ರೆಂಚ್. ವಿಡಿಯೊ ಕಾಲ್‌ನಲ್ಲಿ ಖುಷಿ ಜಾಸ್ತಿಯಾದರೆ ಅಥವಾ ಸಿಟ್ಟು ಬಂದರೆ ಕನ್ನಡ ಬಿಟ್ಟುಬಿಡುತ್ತಾನೆ. ನಾನು ಸುಮ್ನೆ ತಲೆ ಆಡಿಸುತ್ತಿದ್ದೆ. "ಚಿಕ್ಕಿ, ನಿಂಗೆ ಏನೂ ಅರ್ಥ ಆಗಿಲ್ಲ ಅಲ್ವಾ?" ಅಂತ ಒಂದು ದಿನ ಕೇಳಿಯೇಬಿಟ್ಟ. ಆಗಿರಲಿಲ್ಲ.

ಬೆಂಗಳೂರಿನಲ್ಲಿ ಕಲಿಯಲು ವಸಂತನಗರದ ಅಲಿಯಾನ್ಸ್ ಫ್ರಾಂಸೇಸ್ ಇದೆ. ಆದರೆ ನನ್ನ ಆಫೀಸು ಮುಗಿದು, ಟ್ರಾಫಿಕ್ಕು ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಕ್ಲಾಸು ಮುಗಿದಿರುತ್ತದೆ. ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ, ಒಂದು ಬದಿ ಫ್ರೆಂಚ್ ಇನ್ನೊಂದು ಬದಿ ಅರ್ಥ ಇರುವ ಕಾರ್ಡು ತಿರುವಿ ಕಲಿಯೋಣ ಎಂದುಕೊಂಡೆ. ಯಾವ ಕಾರ್ಡು ಎಂದು ತೀರ್ಮಾನಿಸಲು ಆಗದೆ ಮೂರು ಬಗೆಯನ್ನೂ ಎರಡೆರಡು ತಿಂಗಳು ಮಾಡಿ ನೋಡಿದೆ. ಫ್ರೆಂಚ್ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಅದರಲ್ಲೇ ಒಂದು ತಕರಾರಿದೆ, ಮುಂದೆ ಬರುತ್ತದೆ.

ಮೊದಲನೆಯದು, ಕಾಗದದ ಡಬ್ಬಿ

ನಮ್ಮ ಕಡೆ ಹಳೇ ಲಗ್ನಪತ್ರಿಕೆ ಎಸೆಯುವುದಿಲ್ಲ. ಹಾಲಿನ ಲೆಕ್ಕ ಬರೆಯಲು ಬೇಕಾಗುತ್ತದೆ. ಸಾಗರದಿಂದ ಅಮ್ಮ ಒಂದು ಕಟ್ಟು ಕಳಿಸಿದ್ದಳು. ಖಾಲಿ ಇರುವ ಭಾಗ ಕತ್ತರಿಸಿದರೆ ಒಂದು ಪತ್ರಿಕೆಗೆ ಆರು ಕಾರ್ಡು. ಶೂ ಡಬ್ಬಿಯಲ್ಲಿ ರಟ್ಟು ಸಿಕ್ಕಿಸಿ ಐದು ಮನೆ ಮಾಡಿದೆ.

ಈ ಡಬ್ಬಿಯ ಲೆಕ್ಕವನ್ನು ಜನಪ್ರಿಯ ಮಾಡಿದವನು ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ, 1970ರ ದಶಕದಲ್ಲಿ. ಹೊಸ ಕಾರ್ಡು ಮೊದಲ ಮನೆಯಲ್ಲಿ. ಅದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಎರಡನೇ ಮನೆಗೆ ಬಡ್ತಿ. ನಾನು ಆ ಮನೆಯನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೆ, ಕೊನೆಯದನ್ನು ಹದಿನೈದು ದಿನಕ್ಕೊಮ್ಮೆ ತೆಗೆಯುತ್ತಿದ್ದೆ. ಎಲ್ಲಿ ತಪ್ಪಿದರೂ ಕಾರ್ಡು ಸೀದಾ ಮೊದಲ ಮನೆಗೆ. ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿಯ ಹಾಗೆ.

ಇದರ ಹಿಂದಿನ ವಿಚಾರ ಇನ್ನೂ ಹಳೆಯದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಲಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಭರಭರ ಸೋರುತ್ತದೆ, ಆಮೇಲೆ ಸೋರಿಕೆ ನಿಧಾನವಾಗುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ಒಮ್ಮೆ ನೆನಪಿಸಿಕೊಂಡರೆ ಮುಂದಿನ ಸಲ ಇನ್ನೂ ತಡವಾಗಿ ಮರೆಯುತ್ತೇವೆ. ಡಬ್ಬಿಯ ಐದು ಮನೆಗೂ ಫೋನಿನ ಆ್ಯಪ್‌ಗೂ ತಳಪಾಯ ಇದೇ.

ಕಾಗದ ಗೆದ್ದದ್ದು ಲಿಂಗದ ವಿಷಯದಲ್ಲಿ. ಕನ್ನಡದಲ್ಲಿ ಬಾಗಿಲು, ಕುರ್ಚಿ, ಪುಸ್ತಕ ಎಲ್ಲವೂ 'ಅದು'. ಫ್ರೆಂಚಿನಲ್ಲಿ ಬಾಗಿಲು ಹೆಣ್ಣು, ಪುಸ್ತಕ ಗಂಡು. ಗಂಡಾದರೆ ಮುಂದೆ 'ಲ', ಹೆಣ್ಣಾದರೆ 'ಲಾ'. ತಪ್ಪಿದರೆ ಕೆಲವು ಕಡೆ ಅರ್ಥವೇ ಬೇರೆ. 'ಲ ಲೀವ್ರ್' ಅಂದರೆ ಪುಸ್ತಕ, 'ಲಾ ಲೀವ್ರ್' ಅಂದರೆ ತೂಕದ ಪೌಂಡು. 'ಲಾ ತೂರ್' ಗೋಪುರ, 'ಲ ತೂರ್' ಸುತ್ತು. ಹೀಗಾಗಿ ಐಫೆಲ್ ಗೋಪುರ ಹೆಣ್ಣು, ತೂರ್ ದ ಫ್ರಾನ್ಸ್ ಸೈಕಲ್ ರೇಸು ಗಂಡು. ಗಂಡಿಗೆ ನೀಲಿ ಪೆನ್ನು, ಹೆಣ್ಣಿಗೆ ಕೆಂಪು ಪೆನ್ನು ಹಿಡಿದೆ. ಇವತ್ತಿಗೂ ಒಂದು ಪದ ನೆನಪಾದರೆ ಮೊದಲು ಕಾಣುವುದು ಅದರ ಬಣ್ಣ. ಕೈಯಲ್ಲಿ ಬರೆಯುವಾಗಲೇ ಅರ್ಧ ಕೆಲಸ ಆಗಿಬಿಡುತ್ತದೆ.

ಸೋತದ್ದು ಶಬ್ದದಲ್ಲಿ. ಫ್ರೆಂಚಿನಲ್ಲಿ 'ಅವನು ಮಾತಾಡುತ್ತಾನೆ', 'ಅವರು ಮಾತಾಡುತ್ತಾರೆ' ಎರಡೂ ಕೇಳಲು ಒಂದೇ: 'ಈಲ್ ಪಾರ್ಲ್'. ಬರೆಯುವಾಗ ಮಾತ್ರ 'ಅವರು' ಎಂಬಲ್ಲಿ ಕ್ರಿಯಾಪದದ ಬಾಲಕ್ಕೆ ಎರಡು ಅಕ್ಷರ ಸೇರುತ್ತವೆ. ಉಚ್ಚಾರದಲ್ಲಿ ಅವಕ್ಕೆ ಕೆಲಸವಿಲ್ಲ. ಇದು ಗೊತ್ತಿಲ್ಲದೆ ಎರಡು ತಿಂಗಳು ಗಟ್ಟಿಯಾಗಿ 'ಪಾರ್ಲೆಂಟ್' ಅಂತ ಓದಿದ್ದೇನೆ. ಪುಟ್ಟನ ಮುಂದೆ ಹೇಳಿದೆ. ಅವನು ನಕ್ಕು ಸೋಫಾದಿಂದ ಕೆಳಗೆ ಜಾರಿದ. ತಪ್ಪನ್ನು ಇಷ್ಟು ಶಿಸ್ತಾಗಿ ಕಲಿಯಬಹುದು ಅಂತ ಅವತ್ತು ಗೊತ್ತಾಯಿತು. ಬಿಡಿಸಿಕೊಳ್ಳಲು ಮತ್ತೊಂದು ತಿಂಗಳು ಹಿಡಿಯಿತು.

ಇನ್ನೊಂದು ಸಣ್ಣ ವಿಷಯ. 300 ಕಾರ್ಡು ದಾಟಿದ ಮೇಲೆ ಡಬ್ಬಿ ಒಮ್ಮೆ ಕೈಜಾರಿ ಬಿತ್ತು. ಐದೂ ಮನೆ ಕಲಸಿ ಚಿತ್ರಾನ್ನ.

ಎರಡನೆಯದು, ಬೇರೆಯವರು ಮಾಡಿಟ್ಟ ಕಟ್ಟು

ಆಂಕಿ ಎಂಬ ಕಾರ್ಡು ತಿರುವುವ ಆ್ಯಪ್ ಬಗ್ಗೆ ಕೇಳಿರುತ್ತೀರಿ. ಹೆಸರು ಜಪಾನಿ ಪದ, ಬಾಯಿಪಾಠ ಮಾಡುವುದು ಎಂದರ್ಥ. ಡೇಮಿಯನ್ ಎಲ್ಮ್ಸ್ ಎನ್ನುವವರು 2006ರಲ್ಲಿ ಬಿಡುಗಡೆ ಮಾಡಿದ್ದು. ಕಂಪ್ಯೂಟರಿನಲ್ಲಿ ಪುಕ್ಕಟೆ, ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಕೂಡ ಪುಕ್ಕಟೆ. ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಕಾರ್ಡು ತೋರಿಸುತ್ತದೆ, ಉತ್ತರ ನೋಡಿ ನಾವೇ ಗುಂಡಿ ಒತ್ತಬೇಕು: ಅಗೇನ್, ಹಾರ್ಡ್, ಗುಡ್, ಈಝಿ. ಮುಂದಿನ ಸಲ ಯಾವತ್ತು ತೋರಿಸಬೇಕು ಅಂತ ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ನಾನು ಯಾರೋ ಪುಣ್ಯಾತ್ಮರು ಮಾಡಿಟ್ಟ, ಜಾಸ್ತಿ ಬಳಕೆಯ 5,000 ಪದಗಳ ಕಟ್ಟು ಇಳಿಸಿಕೊಂಡೆ. ಶಬ್ದ ಸಮೇತ ಇತ್ತು. ಮೊದಲ ವಾರ ಸ್ವರ್ಗ. ದಿನಕ್ಕೆ 20 ಹೊಸ ಪದ, ಬಸ್ಸಿನಲ್ಲಿ ನಿಂತೇ ಮುಗಿಯುತ್ತಿತ್ತು. ಒಂದು ತಿಂಗಳಾಗುವಷ್ಟರಲ್ಲಿ ಹಳೆಯ ಕಾರ್ಡುಗಳೇ ದಿನಕ್ಕೆ 150ರ ಹತ್ತಿರ ಬಂದವು. ಅಷ್ಟರಲ್ಲಿ ಊರಲ್ಲಿ ಮಾರಿಕಾಂಬಾ ಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವುದು, ಬಿಡಲು ಆಗುತ್ತದೆಯೇ? ಐದು ದಿನ ಫೋನು ಮುಟ್ಟಲಿಲ್ಲ. ವಾಪಸು ಬಂದು ತೆರೆದರೆ ದಿನದ ಮಿತಿ 200 ಇರುವುದರಿಂದ 200 ಅಂತಲೇ ತೋರಿಸಿತು. ನಿಜವಾದ ಬಾಕಿ ಎಷ್ಟೆಂದು ಕೆದಕಿದರೆ 600 ದಾಟಿತ್ತು. ಮದುವೆಮನೆಯ ಮಾರನೇ ದಿನದ ಪಾತ್ರೆ ರಾಶಿ ಕಂಡಂತಾಯಿತು.

ರಾಶಿ ಕರಗಿಸುವ ಆತುರದಲ್ಲಿ ಮೋಸ ಶುರುವಾಯಿತು. ಯಾರಿಗೆ? ನನಗೇ. ಪದ ನೆನಪಾಗದಿದ್ದರೂ ಉತ್ತರ ನೋಡಿ "ಹಾಂ, ಇದೇ ಇತ್ತು" ಎಂದು ಗುಡ್ ಒತ್ತುವುದು.

ಇದರಲ್ಲಿ ನನಗೆ ಹಿಡಿಸಿದ ಒಂದು ವ್ಯವಸ್ಥೆ ಹೇಳಲೇಬೇಕು. ಗೊತ್ತಿದ್ದ ಕಾರ್ಡನ್ನೇ ಎಂಟು ಸಲ ಮರೆತರೆ ಆಂಕಿ ಅದಕ್ಕೆ 'ಲೀಚ್' ಅಂತ ಚೀಟಿ ಅಂಟಿಸಿ ಪಕ್ಕಕ್ಕೆ ಇಡುತ್ತದೆ. ಲೀಚ್ ಅಂದರೆ ಜಿಗಣೆ. ನಮ್ಮ ಮಲೆನಾಡಿನ ಭಾಷೆಯಲ್ಲಿ ಉಂಬಳ. ಮಳೆಗಾಲದಲ್ಲಿ ತೋಟಕ್ಕೆ ಹೋದವರಿಗೆ ಈ ಹೆಸರು ಎಷ್ಟು ಸರಿ ಎಂದು ಬಿಡಿಸಿ ಹೇಳಬೇಕಿಲ್ಲ. ಒಂದು ಪದ ಕಾಲಿಗೆ ಅಂಟಿಕೊಂಡು ದಿನದ ಸಮಯವನ್ನೆಲ್ಲ ಹೀರುತ್ತಿರುತ್ತದೆ. ಕಿತ್ತು ಹಾಕಿ, ಬೇರೆ ರೀತಿಯಲ್ಲಿ ಬರೆದು ಮತ್ತೆ ಸೇರಿಸಬೇಕು.

ಆದರೆ ಈ ಕಟ್ಟಿನ ದೊಡ್ಡ ತೊಂದರೆ ಬೇರೆ. ಅದರ ಪದಗಳು ನನ್ನವಲ್ಲ. ಅದರಲ್ಲಿ 'ದೇಜನೇ' ಅಂದರೆ ಮಧ್ಯಾಹ್ನದ ಊಟ ಎಂದಿತ್ತು. ಪುಟ್ಟ ಬೆಳಿಗ್ಗೆ ಎದ್ದು ಹಲ್ಲುಜ್ಜಿ 'ದೇಜನೇ' ಮಾಡುತ್ತಾನೆ. ಫ್ರಾನ್ಸಿನವರು ತಿಂಡಿಗೆ 'ಪತಿ ದೇಜನೇ', ಮಧ್ಯಾಹ್ನಕ್ಕೆ 'ದೇಜನೇ', ರಾತ್ರಿಗೆ 'ದೀನೇ' ಅನ್ನುತ್ತಾರೆ. ಕ್ವಿಬೆಕ್‌ನಲ್ಲಿ ತಿಂಡಿಯೇ 'ದೇಜನೇ', ಮಧ್ಯಾಹ್ನ 'ದೀನೇ', ರಾತ್ರಿ 'ಸೂಪೇ'. ಒಂದು ಊಟ ಪಕ್ಕಕ್ಕೆ ಸರಿದಿದೆ, ಅಷ್ಟೇ. ಪ್ಯಾರಿಸ್ಸಿಗೆ ಹೋಗುವವರಿಗೆ ಆ ಕಟ್ಟು ಸರಿ. ನನಗೆ ಮಾಂಟ್ರಿಯಲ್‌ನ ಒಂದು ಅಡುಗೆಮನೆ ಸಾಕಿತ್ತು.

ಮೂರನೆಯದು, ನನ್ನದೇ ವಾಕ್ಯ

ಕೊನೆಗೆ ಅದೇ ಆಂಕಿಯಲ್ಲಿ ಖಾಲಿ ಕಟ್ಟು ತೆರೆದು ನಾನೇ ಬರೆಯಲು ಕೂತೆ. ಬಿಡಿ ಪದ ಬೇಡ, ವಾಕ್ಯ. ವಾಕ್ಯದಲ್ಲಿ ಒಂದೇ ಒಂದು ಪದ ಮುಚ್ಚಿಡುವುದು. ಆಂಕಿಯಲ್ಲಿ ಇದಕ್ಕೆ ಕ್ಲೋಜ್ ಅನ್ನುತ್ತಾರೆ. ನಾವೆಲ್ಲ ಶಾಲೆಯಲ್ಲಿ ಮಾಡಿದ 'ಬಿಟ್ಟ ಸ್ಥಳ ತುಂಬಿರಿ', ಬೇರೇನಲ್ಲ. ಒಂದು ಕಾರ್ಡಿಗೆ ಒಂದೇ ಬಿಟ್ಟ ಸ್ಥಳ. ಮೊದಮೊದಲು ಒಂದು ಕ್ರಿಯಾಪದದ ಆರೂ ರೂಪ ಒಂದೇ ಕಾರ್ಡಿನಲ್ಲಿ ತುರುಕಿದ್ದೆ. ಐದು ಸರಿ, ಒಂದು ತಪ್ಪಾದರೆ ಯಾವ ಗುಂಡಿ ಒತ್ತುವುದು? ಒಡೆದು ಆರು ಕಾರ್ಡು ಮಾಡಿದೆ.

ಅರ್ಥವನ್ನು ಇಂಗ್ಲಿಷಿನ ಬದಲು ಕನ್ನಡದಲ್ಲಿ ಬರೆದದ್ದು ಎಲ್ಲಕ್ಕಿಂತ ದೊಡ್ಡ ಲಾಭ ಕೊಟ್ಟಿತು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಇಂಗ್ಲಿಷಿನ 'ಯು' ನೋಡಿದರೆ ಫ್ರೆಂಚಿನ 'ತ್ಯು' ಬೇಕೋ 'ವೂ' ಬೇಕೋ ತಿಳಿಯದು. 'ನೀನು', 'ನೀವು' ಎಂದು ಬರೆದರೆ ಗೊಂದಲವೇ ಇಲ್ಲ. ಇನ್ನು ಹಸಿವು. ಇಂಗ್ಲಿಷಿನ ದಾರಿಯಲ್ಲಿ ಹೋದರೆ 'ನಾನು ಹಸಿದಿದ್ದೇನೆ' ಎಂದು 'ಜ ಸ್ವಿ' ಶುರು ಮಾಡುತ್ತೇವೆ, ತಪ್ಪು. ಫ್ರೆಂಚರಿಗೆ ಹಸಿವು ಎಂಬುದು ಇರುವ ವಸ್ತು: 'ಜೇ ಫ್ಯಾಂ'. ನಮಗೂ ಹಾಗೇ ಅಲ್ವಾ? ನನಗೆ ಹಸಿವು, ನನಗೆ ಚಳಿ, ನನಗೆ ಇಪ್ಪತ್ತು ವರ್ಷ. ಈ ಮೂರನ್ನೂ ಫ್ರೆಂಚಿನಲ್ಲಿ ಒಂದೇ ಅಚ್ಚಿನಲ್ಲಿ ಹೇಳಬಹುದು. ಕನ್ನಡದಿಂದ ಹೋದರೆ ಹತ್ತಿರದ ದಾರಿ, ಇಂಗ್ಲಿಷಿನಿಂದ ಹೋದರೆ ಸುತ್ತು.

ಆದರೆ ಫ್ರೆಂಚ್ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಬೇಡಿ. ತಕರಾರು ಅಂದೆನಲ್ಲ, ಇದೇ. 'ಮೇಲೆ' ಎನ್ನುವುದಕ್ಕೂ 'ಕೆಳಗೆ' ಎನ್ನುವುದಕ್ಕೂ ಫ್ರೆಂಚಿನಲ್ಲಿ ಒಂದು ಸ್ವರದಷ್ಟೇ ವ್ಯತ್ಯಾಸ. ಕೆಳಗೆ ಎಂದರೆ 'ದಸೂ'. ಮೇಲೆ ಎನ್ನುವ ಪದದ ಕೊನೆಯ ಸ್ವರಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. 'ಊ' ಎನ್ನಲು ತುಟಿ ಮುಂದೆ ಮಾಡಿ, ಹಾಗೇ ಇಟ್ಟುಕೊಂಡು 'ಈ' ಎನ್ನಬೇಕು. ನಾನು ಬರೆದದ್ದು 'ದಸ್ಯು'. ಕಳ್ಳ! ಅಟ್ಟದ ಮೇಲೆ ದಸ್ಯು ಕೂತಿದ್ದಾನೆ ಎಂದು ಚಿತ್ರ ಕಟ್ಟಿಕೊಂಡೆ. ಅರ್ಥ ಯಾವತ್ತೂ ಮರೆಯಲಿಲ್ಲ, ಉಚ್ಚಾರ ಮಾತ್ರ ಯಾವತ್ತೂ ಸರಿ ಬರಲಿಲ್ಲ. ಅನ್ನ 'ರೀ', ಗಂಡ 'ಮಾರಿ'. ನೆನಪಿಡಲು ಇದಕ್ಕಿಂತ ಸುಲಭ ಇನ್ನೇನು ಬೇಕು? ಆದರೆ ಅವರ ರಕಾರ ನಾಲಿಗೆ ತುದಿಯದಲ್ಲ, ಗಂಟಲಿನದು. ಕನ್ನಡದ 'ರ' ಕಂಡ ತಕ್ಷಣ ನಾಲಿಗೆ ತನ್ನ ಹಳೇ ಜಾಗಕ್ಕೇ ಹೋಗುತ್ತದೆ. (ಜಾತ್ರೆಗೆ ಬಂದಿದ್ದ ನಮ್ಮವರಿಗೆ 'ಮಾರಿ' ವಿಷಯ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದರು.)

ಹಾಗಾಗಿ ಈಗ ಕಾರ್ಡಿನಲ್ಲಿ ಶಬ್ದ. ಅಕ್ಕ ಅಲ್ಲಿಂದ ಪುಟ್ಟನ ಕೈಯಲ್ಲಿ ಹತ್ತು ವಾಕ್ಯ ಹೇಳಿಸಿ ಕಳಿಸುತ್ತಾಳೆ. ಅವನದು ಅಪ್ಪಟ ಕ್ವಿಬೆಕ್ ಉಚ್ಚಾರ, 'ತ್ಯು' ಹೋಗಿ 'ತ್ಸ್ಯು' ಆಗಿರುತ್ತದೆ. ಹಿಂದೆ ಕುಕ್ಕರ್ ಸೀಟಿ ಕೇಳಿಸುತ್ತದೆ.

ಖರ್ಚು ಸಮಯದ್ದು. ಹತ್ತು ಕಾರ್ಡು ಮಾಡಲು ಇಪ್ಪತ್ತು ನಿಮಿಷ ಬೇಕು. ದಿನಕ್ಕೆ ಹತ್ತು ಎಂದು ಶುರು ಮಾಡಿ ಏಳಕ್ಕೆ ಇಳಿಸಿದೆ. ಜೊತೆಗೆ ಆಂಕಿಯ ಲೆಕ್ಕದ ವಿಧಾನ ಬದಲಿಸಿದೆ. ಅದರ ಹಳೆಯ ಸೂತ್ರದ ಮೂಲ 1980ರ ದಶಕದ ಸೂಪರ್‌ಮೆಮೊ ಎಂಬ ತಂತ್ರಾಂಶದಲ್ಲಿದೆ. 2023ರಿಂದ ಎಫ್‌ಎಸ್‌ಆರ್‌ಎಸ್ ಎಂಬ ಹೊಸದೂ ಇದೆ. ನಾವು ಎಷ್ಟು ಬೇಗ ಮರೆಯುತ್ತೇವೆ ಎಂದು ನಮ್ಮ ಹಿಂದಿನ ಉತ್ತರಗಳಿಂದಲೇ ಅಂದಾಜು ಮಾಡುತ್ತದೆ. ನೂರಕ್ಕೆ ಎಷ್ಟು ನೆನಪಿರಬೇಕು ಎಂದು ನಾವು ಹೇಳಬಹುದು. 90 ಇದ್ದದ್ದನ್ನು 85 ಮಾಡಿದೆ. ದಿನದ ಹೊರೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಹೊಸದಾಗಿ ಶುರು ಮಾಡುವವರು ಮೊದಲು ಇದನ್ನು ಆನ್ ಮಾಡಿಕೊಳ್ಳಿ.

ನಡುವೆ ದುಡ್ಡು ಕಟ್ಟುವ ಒಂದು ಆಟದ ಆ್ಯಪ್ ಕೂಡ ಹಾಕಿದ್ದೆ. ನಲವತ್ತು ದಿನ ತಪ್ಪದೆ ಆಡಿದ್ದಕ್ಕೆ ಪಟಾಕಿ ಹಾರಿಸಿತು. ನಲವತ್ತೊಂದನೇ ದಿನ ತೆಗೆದುಹಾಕಿದೆ. ಆಟ ಬಂದಿತ್ತು, ಮಾತು ಬಂದಿರಲಿಲ್ಲ.

ಕೊನೆಗೆ ಉಳಿದದ್ದು

ಮೂರೂ ಮುಗಿದ ಮೇಲೆ ಒಂದು ತಿಂಗಳು ಬಿಟ್ಟು, ಒಂದೊಂದರಿಂದ 60 ಪದ ಎತ್ತಿಕೊಂಡು ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಕನ್ನಡ ನೋಡಿ ಫ್ರೆಂಚ್ ಹೇಳಬೇಕು. ಕಾಗದದ್ದು 44 ಬಂತು, ರೆಡಿಮೇಡ್ ಕಟ್ಟಿನದು 31, ನನ್ನ ವಾಕ್ಯಗಳದು 49. ಪದಗಳು ಒಂದೇ ಅಲ್ಲ, ಹಾಗಾಗಿ ಇದು ಪಕ್ಕಾ ಲೆಕ್ಕವಲ್ಲ. ರೆಡಿಮೇಡ್ ಕಟ್ಟಿಗೆ ಅನ್ಯಾಯ ಕೂಡ ಆಗಿದೆ. ಅದರಲ್ಲಿ ಫ್ರೆಂಚ್ ನೋಡಿ ಅರ್ಥ ಹೇಳುವುದನ್ನಷ್ಟೇ ಮಾಡಿದ್ದೆ, ಉಲ್ಟಾ ಅಭ್ಯಾಸವೇ ಇರಲಿಲ್ಲ. ಓದಿ ಅರ್ಥ ಮಾಡಿಕೊಂಡರೆ ಸಾಕು ಎನ್ನುವವರಿಗೆ ಅದು ಬೇಗ ಫಲ ಕೊಡುತ್ತದೆ.

ಹೋಲಿಸಲು ಕೂತಾಗ ನಾನು ತಲೆ ಕೆಡಿಸಿಕೊಂಡಿದ್ದು ಕಾಗದವೋ ಫೋನೋ ಎಂದು. ಈಗ ಅನಿಸುವುದು, ವ್ಯತ್ಯಾಸ ಇದ್ದದ್ದು ಕಾರ್ಡು ಬರೆದದ್ದು ಯಾರು ಎಂಬುದರಲ್ಲಿ. ಕಾಗದ ಎರಡನೇ ಜಾಗ ಹಿಡಿದದ್ದೂ ಅದಕ್ಕೇ. ದಿನಕ್ಕೆ ಹತ್ತೇ ನಿಮಿಷ ಇದೆ, ಬರೆಯಲು ಪುರುಸೊತ್ತಿಲ್ಲ ಅನ್ನುವವರು ರೆಡಿಮೇಡ್ ಕಟ್ಟಿನ ಮೊದಲ ಸಾವಿರ ಪದ ಮಾತ್ರ ಇಟ್ಟುಕೊಂಡು, ಹೊಸದು ದಿನಕ್ಕೆ ಐದೇ ಎಂದು ಮಿತಿ ಹಾಕಿಕೊಳ್ಳಿ. ಮಕ್ಕಳ ಜೊತೆ ಕಲಿಯುವವರಿಗೆ ಡಬ್ಬಿಯೇ ಚೆಂದ. ಶಬ್ದಕ್ಕೆ ಮಾತ್ರ ಬೇರೆ ದಾರಿ ನೋಡಿಕೊಳ್ಳಬೇಕು.

ನಾನು ಈಗ ಬೆಳಿಗ್ಗೆ ಬಸ್ಸಿನಲ್ಲಿ ಹನ್ನೆರಡು ನಿಮಿಷ ಆಂಕಿ ಮಾಡುತ್ತೇನೆ. ಶೂ ಡಬ್ಬಿ ಫ್ರಿಜ್ಜಿನ ಮೇಲಿದೆ. ಅದರಲ್ಲಿ ಲಿಂಗ ತಪ್ಪುವ 80 ಪದ ಬಿಟ್ಟರೆ ಬೇರೇನೂ ಇಲ್ಲ. ಅಂಕಿಗಳು ಮಾತ್ರ ಎರಡರಲ್ಲೂ ನಿಲ್ಲುತ್ತಿಲ್ಲ. ಎಪ್ಪತ್ತು ಅಂದರೆ ಅವರಿಗೆ ಅರವತ್ತು-ಹತ್ತು, ಎಂಬತ್ತು ಅಂದರೆ ನಾಲ್ಕು-ಇಪ್ಪತ್ತು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನವರು ಎಪ್ಪತ್ತಕ್ಕೆ, ತೊಂಬತ್ತಕ್ಕೆ ಸೀದಾ ಪದ ಇಟ್ಟುಕೊಂಡಿದ್ದಾರೆ. ನನ್ನ ಹಣೆಬರಹಕ್ಕೆ ಅಕ್ಕ ಸೇರಿದ್ದು ಕ್ವಿಬೆಕ್. ತೊಂಬತ್ತೇಳು ಅಂದರೆ 'ಕಾತ್ರ್-ವ್ಯಾಂ-ದಿಸ್-ಸೆತ್', ನಾಲ್ಕು-ಇಪ್ಪತ್ತು-ಹತ್ತು-ಏಳು. ಆ ಕಾರ್ಡು ಮೊನ್ನೆ ಮೂರನೇ ಸಲ ಉಂಬಳವಾಯಿತು.